ಥಾನೋಸ್‌ಗೆ ಲವ್ ಫೇಲ್ಯೂರ್ ಇದ್ದದ್ದೇ ಚೆನ್ನಾಗಿತ್ತಲ್ವಾ?

ಅರ್ಧರಾತ್ರಿ_ಓದುಗ:

ಬೈತೀರೋ ಏನೋ, ಆದರೂ ಕೇಳುತ್ತೇನೆ. 2018ರಲ್ಲಿ ಮಾರ್ವೆಲ್‌ನ ‘ಇನ್ಫಿನಿಟಿ ವಾರ್’ ಸಿನಿಮಾ ಬಂದಾಗ ಮೊದಲ ದಿನವೇ ನೋಡಿದ್ದೆ. ವಿಲನ್ ಥಾನೋಸ್ ಚಿಟಿಕೆ ಹೊಡೆದು ಬ್ರಹ್ಮಾಂಡದ ಅರ್ಧ ಜೀವಿಗಳನ್ನು ಅಳಿಸಿದ ಮೇಲೆ ಒಬ್ಬೊಬ್ಬರೇ ಬೂದಿಯಾಗಿ ಉದುರಿಹೋಗಿ, ಕೊನೆಗೆ ಪರದೆ ಕಪ್ಪಾದಾಗ ಇಡೀ ಥಿಯೇಟರ್ ಗಪ್‌ಚುಪ್. ನನ್ನ ಹಿಂದಿನ ಸೀಟಿನ ಪುಟ್ಟ ಹುಡುಗನೊಬ್ಬ ಮಾತ್ರ "ಅಪ್ಪಾ, ಇಂಟರ್‌ವಲ್ಲಾ?" ಅಂತ ಕೇಳುತ್ತಿದ್ದ. ಇಂಥ ವಿಲನ್ ಮತ್ತೆ ಹುಟ್ಟಲ್ಲ ಅಂದುಕೊಂಡು ಮನೆಗೆ ಬಂದಿದ್ದೆ.

ಹೋದ ತಿಂಗಳು ‘ಇನ್ಫಿನಿಟಿ ಗಾಂಟ್ಲೆಟ್’ ಕಾಮಿಕ್ಸ್ ಸಿಕ್ಕಿತು. 1991ರದು, ಒಟ್ಟು 6 ಸಂಚಿಕೆ, ಬರೆದವರು ಜಿಮ್ ಸ್ಟಾರ್ಲಿನ್. ಇಲ್ಲಿ ಥಾನೋಸ್‌ಗೆ ಜನಸಂಖ್ಯೆ ಗಿನಸಂಖ್ಯೆ ಯಾವ ತಲೆನೋವೂ ಇಲ್ಲ. ಅವನಿಗೆ ಸಾವಿನ ಮೇಲೆ ಮನಸ್ಸು. ಸಾವು ಅಂದರೆ ಇಲ್ಲಿ ಹೆಣ್ಣು, ಮುಸುಕು ಹಾಕಿಕೊಂಡು ಪಕ್ಕದಲ್ಲೇ ನಿಂತಿರುತ್ತಾಳೆ. ಇವನು ಅವಳಿಗೋಸ್ಕರ ಬಾಹ್ಯಾಕಾಶದಲ್ಲಿ ಗುಡಿ ಕಟ್ಟುತ್ತಾನೆ. ಮೊದಲನೇ ಸಂಚಿಕೆಯಲ್ಲೇ ಅರ್ಧ ಬ್ರಹ್ಮಾಂಡವನ್ನು ಅಳಿಸುತ್ತಾನೆ. ಅವಳು ಕಡೆಗಣ್ಣಲ್ಲೂ ನೋಡುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಓದಿ ನನಗೆ ನಗುವೂ ಬಂತು, ಭಯವೂ ಆಯಿತು.

ಇಷ್ಟು ಒಳ್ಳೇ ಕಾರಣ ಕೈಯಲ್ಲಿದ್ದಾಗ ಸಿನಿಮಾದವರು ಅದನ್ನು ಬಿಟ್ಟು ‘ಜನ ಜಾಸ್ತಿ, ಅನ್ನ ಕಮ್ಮಿ’ ಅಂತ ಭಾಷಣ ಮಾಡಿಸಿದ್ದು ಯಾಕೆ? ಸೀತೆಯನ್ನೇ ತೆಗೆದು ರಾವಣನ ಕಥೆ ಹೇಳಿದ ಹಾಗಾಯಿತು.

ಲೆಕ್ಕದ_ಮೇಷ್ಟ್ರು:

ನಿಮ್ಮ ಪರ ನನ್ನದೊಂದು ಓಟು. ಏನು ಬೇಕಾದರೂ ಮಾಡಬಲ್ಲ ಇನ್ಫಿನಿಟಿ ಕಲ್ಲುಗಳು ಕೈಯಲ್ಲಿದ್ದ ಮೇಲೆ ಅನ್ನವನ್ನೇ ಎರಡರಷ್ಟು ಮಾಡಬಹುದಿತ್ತಲ್ಲ ಅನ್ನುವ ಪ್ರಶ್ನೆ ಹಳಸಿಹೋಗಿದೆ, ಅದು ಬೇಡ. ಸುಮ್ನೆ ಒಂದು ಲೆಕ್ಕ ನೋಡಿ. 2018ರಲ್ಲಿ ಭೂಮಿಯ ಮೇಲೆ ಸುಮಾರು 760 ಕೋಟಿ ಜನ. ಅರ್ಧ ಅಂದರೆ 380 ಕೋಟಿ. ಅಷ್ಟು ಜನ ನಿಜವಾಗಿ ಇದ್ದದ್ದು 1972ರ ಸುಮಾರಿಗೆ. ಥಾನೋಸ್ ಕಾಮಿಕ್ಸ್‌ನಲ್ಲಿ ಮೊದಲು ಮುಖ ತೋರಿಸಿದ್ದೇ ‘ಐರನ್ ಮ್ಯಾನ್’ 55ನೇ ಸಂಚಿಕೆಯಲ್ಲಿ, ಅದರ ಮೇಲಿನ ತಾರೀಕು ಫೆಬ್ರವರಿ 1973. ಅಂದರೆ ಮಹಾಶಯ ಇಷ್ಟೆಲ್ಲ ಒದ್ದಾಡಿ ನಮ್ಮನ್ನು ಕಳಿಸಿದ್ದು ತಾನು ಹುಟ್ಟಿದ ಕಾಲಕ್ಕೆ! ಆಗೇನು ಸ್ವರ್ಗ ಇತ್ತಾ? ನಮ್ಮಪ್ಪನನ್ನು ಕೇಳಿ, ಸೀಮೆಎಣ್ಣೆ ಕ್ಯೂ ಬಗ್ಗೆ ಒಂದು ಗಂಟೆ ಹೇಳುತ್ತಾರೆ.

ಪ್ರೀತಿಗೆ ಹೀಗೆ ಲೆಕ್ಕ ಕೇಳೋಕಾಗಲ್ಲ. ಅದಕ್ಕೇ ಕಾಮಿಕ್ಸ್‌ನ ಕಾರಣ ಗಟ್ಟಿ.

ಬಣ್ಣದ_ವೇಷ:

ಒಪ್ಪಲ್ಲ. ನಾನು ಕರಾವಳಿಯವನು, ಯಕ್ಷಗಾನ ನೋಡಿ ಬೆಳೆದವನು. ರಾಕ್ಷಸ ಪಾತ್ರದ ಬಣ್ಣದ ವೇಷ ತೆರೆಯ ಹಿಂದೆ ಆರ್ಭಟ ಮಾಡುತ್ತಾ ಬಂದರೆ ‘ನಿನಗೆ ಯಾಕಪ್ಪಾ ಇಷ್ಟು ಸಿಟ್ಟು’ ಅಂತ ಯಾರೂ ಕೇಳುವುದಿಲ್ಲ. ಕಾಮಿಕ್ಸ್ ಥಾನೋಸ್ ಆ ಜಾತಿಯವನು. 4ನೇ ಸಂಚಿಕೆಯಲ್ಲಿ ಹೀರೋಗಳ ಜೊತೆಗಿನ ಹೊಡೆದಾಟ ನೋಡಿ. ವುಲ್ವರಿನ್‌ನ ಮೂಳೆಗಳನ್ನು ರಬ್ಬರ್ ಮಾಡಿಬಿಡುತ್ತಾನೆ. ಥಾರ್ ಗಾಜಾಗುತ್ತಾನೆ. ಎಲ್ಲರೂ ಬಿದ್ದ ಮೇಲೆ ಕ್ಯಾಪ್ಟನ್ ಅಮೆರಿಕ ಒಬ್ಬನೇ ನಡೆದು ಬಂದು ಅವನ ಎದೆಯೆತ್ತರಕ್ಕೆ ನಿಂತು ಸವಾಲು ಹಾಕುತ್ತಾನೆ. ಅದೇ ಹೊತ್ತಿಗೆ ಹಿಂದಿನಿಂದ ಸಿಲ್ವರ್ ಸರ್ಫರ್ ಬಾಣದ ಹಾಗೆ ಬಂದು ಆ ಕಲ್ಲುಗಳಿರುವ ಗವುಸಿಗೆ ಕೈ ಹಾಕುತ್ತಾನೆ, ಸ್ವಲ್ಪದರಲ್ಲಿ ತಪ್ಪುತ್ತದೆ. ಅಷ್ಟೂ ಜನ ಸತ್ತದ್ದು ಆ ಒಂದು ಕ್ಷಣಕ್ಕೆ ದಾರಿ ಮಾಡಿಕೊಡಲು ಅಂತ ಆಗ ಗೊತ್ತಾಗುತ್ತದೆ. ಕಾಗದದ ಮೇಲೆ ಇದು ಮೈ ಜುಮ್ಮೆನ್ನಿಸುತ್ತದೆ.

ಸಿನಿಮಾದಲ್ಲಿ ಅದು ನಡೆಯಲ್ಲ, ಯಾಕೆಂದರೆ ಕ್ಯಾಮೆರಾ ಮುಖದ ಹತ್ತಿರ ಹೋಗುತ್ತದೆ. ಥಾನೋಸ್ ಪಾತ್ರ ಮಾಡಿದ ಜೋಶ್ ಬ್ರೋಲಿನ್‌ನ ಆ ನೇರಳೆ ಮುಖ ಇಡೀ ಪರದೆ ತುಂಬಿಕೊಂಡಾಗ, ಮುಸುಕಿನ ಅಸ್ಥಿಪಂಜರ ನನ್ನ ಕಡೆ ನೋಡಲಿಲ್ಲ ಅಂತ ಅವನು ಮುನಿಸಿಕೊಂಡಿದ್ದರೆ ಜನ ಶಿಳ್ಳೆ ಹಾಕಿ ನಗುತ್ತಿದ್ದರು. ಪ್ರೀತಿ ಅಲ್ಲಿ ಇಲ್ಲ ಅಂದವರು ಯಾರು? ವೋರ್ಮಿರ್ ಗ್ರಹದಲ್ಲಿ ಒಂದು ಕಲ್ಲಿಗೋಸ್ಕರ ಸಾಕುಮಗಳು ಗಮೋರಾಳನ್ನು ಬಂಡೆಯಿಂದ ತಳ್ಳುವ ಮುಂಚೆ ಅವನು ಅಳುತ್ತಾನಲ್ಲ, ಅವಳು ಮೊದಲು ನಕ್ಕು, ಆಮೇಲೆ ಅರ್ಥವಾಗಿ ಹಿಂದೆ ಸರಿಯುತ್ತಾಳಲ್ಲ, ಕಾಮಿಕ್ಸ್‌ನ 6 ಸಂಚಿಕೆಯಲ್ಲೂ ಹಾಗೆ ಹೊಟ್ಟೆ ಹಿಂಡುವ ಜಾಗ ಒಂದೂ ಇಲ್ಲ.

ಹಳೇ_ಪೆಟ್ಟಿಗೆ:

ಇಬ್ಬರೂ ಒಂದು ವಿಷಯ ಬಿಟ್ಟಿರಿ. ‘ಜನ ಜಾಸ್ತಿ’ ಅನ್ನುವ ಸಮತೋಲನದ ಮಾತನ್ನು ಸಿನಿಮಾದವರು ಹುಟ್ಟಿಸಿದ್ದಲ್ಲ. 1990ರ ‘ಸಿಲ್ವರ್ ಸರ್ಫರ್’ 34ನೇ ಸಂಚಿಕೆ ತೆಗೆದು ನೋಡಿ. ಇಲ್ಲಿಯವರೆಗೆ ಸತ್ತವರಿಗಿಂತ ಈಗ ಬದುಕಿರುವವರೇ ಜಾಸ್ತಿಯಾದರು ಅನ್ನುವ ದೂರು ಸಾವಿನದೇ. ಅದನ್ನು ಸರಿ ಮಾಡು ಅಂತ ಸತ್ತು ಹೋಗಿದ್ದ ಥಾನೋಸ್‌ನನ್ನು ಅವಳೇ ಎಬ್ಬಿಸಿ ಕಳಿಸುತ್ತಾಳೆ. ಸಿನಿಮಾದವರು ಧಣಿಯನ್ನು ತೆಗೆದುಹಾಕಿ ಅವಳ ದೂರನ್ನು ಆಳಿನ ಬಾಯಲ್ಲಿ ಹೇಳಿಸಿದರು, ಅಷ್ಟೇ.

ಇನ್ನೊಂದು. ಸಿನಿಮಾದ ಮುಂದಿನ ಭಾಗ ‘ಎಂಡ್‌ಗೇಮ್’ ಶುರುವಿನಲ್ಲಿ ಅವನ ಕವಚ ಹೊಲದಲ್ಲಿ ಬೆರ್ಚಪ್ಪನ ಹಾಗೆ ನಿಂತಿರುತ್ತದಲ್ಲ, ಆ ರೈತನ ಬಾಳು ಕಾಮಿಕ್ಸ್‌ನ ಕೊನೆಯಿಂದ ಬಂದದ್ದು. ಅಲ್ಲಿ ಸೋತ ಮೇಲೆ ಮಣ್ಣು ಅಗೆಯುತ್ತಾನೆ, ಇಲ್ಲಿ ಗೆದ್ದ ಮೇಲೆ. ನನಗೆ ಸೋತವನೇ ಇಷ್ಟ.

ಹಾಂ, 4ನೇ ಸಂಚಿಕೆಯ ನಡುವೆ ಚಿತ್ರಕಾರರು ಬದಲಾಗುತ್ತಾರೆ. ಜಾರ್ಜ್ ಪೆರೆಜ್ ಬಿಟ್ಟ ಕಡೆಯಿಂದ ರಾನ್ ಲಿಮ್. ಪೆರೆಜ್ ಕೈಯಲ್ಲಿ ಒಂದು ಪುಟದೊಳಗೆ ಐವತ್ತು ಮುಖ ತುಂಬಿರುತ್ತಿತ್ತು. ಆಮೇಲೆ ಪುಟ ಸ್ವಲ್ಪ ಖಾಲಿ ಖಾಲಿ. ಗಮನಿಸಿದ್ರಾ?

ಅರ್ಧರಾತ್ರಿ_ಓದುಗ:

ಗಮನಿಸೋದು ಹೇಗೆ ಸ್ವಾಮಿ? ನನ್ನದು ಸೆಕೆಂಡ್‌ಹ್ಯಾಂಡ್ ಪ್ರತಿ. 4ನೇ ಸಂಚಿಕೆಯಲ್ಲಿ ಎಂಟು ಪುಟ ಹರಿದುಹೋಗಿದೆ. ಥಾನೋಸ್ ನಗುತ್ತಿದ್ದಾನೆ, ಪುಟ ತಿರುಗಿಸಿದರೆ ಎಲ್ಲರೂ ಸತ್ತಿದ್ದಾರೆ. ಕ್ಯಾಪ್ಟನ್ ಎದುರು ನಿಂತದ್ದು ನನಗೆ ಈಗ ನಿಮ್ಮಿಂದಲೇ ಗೊತ್ತಾಗಿದ್ದು. ಮಾರಿದವರನ್ನು ಕೇಳಿದರೆ "ಅದಕ್ಕೇ ನೂರು ರೂಪಾಯಿ ಕಮ್ಮಿ ಮಾಡಿದ್ದು" ಅಂದರು.

ಹಳೇ_ಪೆಟ್ಟಿಗೆ:

ನನ್ನ ಹತ್ತಿರ ಪೂರ್ತಿ ಇದೆ. ಬನಶಂಕರಿ ಕಡೆ ಬಂದರೆ ಮನೆಗೆ ಬನ್ನಿ, ಕಾಫಿ ಕೊಡುತ್ತೇನೆ, ಕೂತು ಓದಿ. ತಗೊಂಡು ಹೋಗೋಕೆ ಮಾತ್ರ ಕೊಡಲ್ಲ. ‘ಸರ್ಫರ್’ 35 ಹಾಗೆ ಹೋದದ್ದು ಇನ್ನೂ ವಾಪಸ್ ಬಂದಿಲ್ಲ.