ಚಿಕ್ಕಮ್ಮನಿಗೆ, ಫ್ಲಾರೆನ್ಸಿನ ಗಾರೆ ಕೆಲಸದ ಬಗ್ಗೆ

ಚಿಕ್ಕಮ್ಮಾ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡಲು ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿಬಿಡುತ್ತೇನೆ. ಉದ್ದ ಆಗುತ್ತದೆ, ಹುರುಳಿಕಾಯಿ ಹೆಚ್ಚುತ್ತಾ ಕೇಳಿ. ಪುಟ್ಟಿ ಮುಂದಿನ ಬೇಸಿಗೆಗೆ ಫ್ಲಾರೆನ್ಸಿನ ಆರ್ಟ್ ಕೋರ್ಸಿಗೆ ಹೋಗಿಯೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ, ನೀನು ಹೋಗಿ ಬಂದೆಯಲ್ಲ, ಅಷ್ಟು ದುಡ್ಡಿಗೆ ಸಿಕ್ಕಿದ್ದಾದರೂ ಏನು ಅಂತ ಕೇಳಿದ್ದೀರಿ. ಅದರ ಕೆಳಗೇ ಮಾವ, ‘ಚಿತ್ರ ಬರೆಯೋಕೆ ಇಟಲಿ ಯಾಕೆ, ಚಾಮುಂಡಿ ಬೆಟ್ಟ ಸಾಲದಾ’ ಅಂತ ಹಾಕಿ ನಗುವ ಮುಖ ಬೇರೆ ಅಂಟಿಸಿದ್ದಾರೆ. ಮಾವಾ, ನಿಮಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಸಿಕ್ಕಿದ್ದು ಮೊದಲನೆಯದಾಗಿ ಒಂದು ಬಕೆಟ್ಟು. ನಿಜ! ನಾಲ್ಕು ವಾರದ ಕೋರ್ಸು, ನಾನು ಮೈಸೂರಿನಿಂದ ಒಳ್ಳೊಳ್ಳೆ ಬ್ರಷ್ಷುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿದ್ದೆ. ಫ್ರೆಸ್ಕೊ ತರಗತಿಯ ಮೊದಲ ದಿನ ಮೇಡಂ ನಮ್ಮ ಕೈಗೆ ಬಕೆಟ್ಟು, ಕರಣೆ, ಮರಳು ಕೊಟ್ಟರು. ಇನ್ನೊಂದು ಡಬ್ಬದಲ್ಲಿ ಬೆಣ್ಣೆಯ ಹಾಗೆ ಮೆತ್ತಗಿರುವ ಸುಣ್ಣ. ಅರಳಿಸಿ, ನೀರಿನ ಕೆಳಗೆ ಬಹಳ ಕಾಲ ಇಟ್ಟಿದ್ದ ಸುಣ್ಣ ಅದು. ಎಷ್ಟು ಹಳೆಯದಾದರೆ ಅಷ್ಟು ಒಳ್ಳೆಯದಂತೆ. ನನಗೆ ಒಳಗೊಳಗೇ ನಗು. ಇದು ನಮ್ಮ ಅಜ್ಜಿ ಮನೆ ಗೋಡೆಯ ಗಾರೆಯೇ ಅಲ್ವಾ! ಅಷ್ಟು ದೂರ ವಿಮಾನದಲ್ಲಿ ಹೋಗಿ ಗಾರೆ ಕಲಸಿ ಬಂದೆ ಅಂತ ಮಾವನಿಗೆ ಹೇಳಿದರೆ ಜನ್ಮವಿಡೀ ಆಡಿಕೊಳ್ಳುತ್ತಾರೆ ಅಂದುಕೊಂಡೆ. ಈಗ ನಾನೇ ಹೇಳಿದ್ದೇನೆ, ಆಡಿಕೊಳ್ಳಿ.

ಫ್ರೆಸ್ಕೊ ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಗೋಡೆಗೆ ಮೊದಲು ಒರಟು ಗಾರೆ ಮೆತ್ತುತ್ತಾರೆ. ಅದರ ಮೇಲೆ ನಯವಾದ ತೆಳ್ಳನೆಯ ಗಾರೆ. ಅದು ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಅಂಟು ಗಿಂಟು ಏನೂ ಇಲ್ಲ. ಸುಣ್ಣ ಒಣಗುತ್ತಾ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಬಣ್ಣ ಹಿಡಿಯುವುದಿಲ್ಲ. ಹಾಗಾಗಿ ಒಂದು ದಿನದಲ್ಲಿ ಎಷ್ಟು ಬರೆಯಲು ಆಗುತ್ತದೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತಬೇಕು. ಆ ತುಂಡಿಗೆ ‘ಜೊರ್ನಾತಾ’ ಅನ್ನುತ್ತಾರೆ, ಒಂದು ದಿನದ ಕೆಲಸ ಅಂತ. ಸಂಜೆ ಮಿಕ್ಕ ಹಸಿ ಗಾರೆ ಇದ್ದರೆ ಕರಣೆಯಲ್ಲಿ ಕತ್ತರಿಸಿ ಎಸೆಯುತ್ತಾರೆ. ನಮ್ಮ ಮೇಸ್ತ್ರಿಗಳ ಬಟವಾಡೆ ಲೆಕ್ಕದ ಹಾಗೆಯೇ!

ನಕ್ಷೆಯನ್ನು ಗೋಡೆಗೆ ಇಳಿಸುವುದನ್ನು ನೋಡಿದರೆ ಚಿಕ್ಕಮ್ಮಾ, ನೀವು ತಕ್ಷಣ ಗುರುತು ಹಿಡಿಯುತ್ತೀರಿ. ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ಇದ್ದಿಲ ಪುಡಿ ಕಟ್ಟಿದ ಬಟ್ಟೆ ಗಂಟಿನಿಂದ ತಟ್ಟುವುದು. ತೂತಿನ ತಟ್ಟೆ ಇಟ್ಟು ರಂಗೋಲಿ ಪುಡಿ ಹಾಕುತ್ತೀರಲ್ಲ, ಅದೇ.

ಈಗ ನನ್ನ ಮಾನ ಹೋದ ಕಥೆ. ಒಂದೊಂದು ಹೆಂಚಿನ ಮೇಲೆ ನಮ್ಮ ಊರಿನದು ಏನಾದರೂ ಬರೆಯಿರಿ ಎಂದರು. ನಾನು ಮೈಸೂರು ಮಲ್ಲಿಗೆ ಅಂತ ಶುರು ಮಾಡಿದೆ. ಫ್ರೆಸ್ಕೊದಲ್ಲಿ ಬಿಳಿ ಅಂದರೆ ಸುಣ್ಣವೇ. ಹಸಿಯಾಗಿರುವಾಗ ಅದು ಗಾಜಿನ ಹಾಗೆ, ಹಚ್ಚಿದ್ದು ಕಾಣುವುದೇ ಇಲ್ಲ. ಕಾಣಲಿಲ್ಲ ಅಂತ ಇನ್ನೊಂದು ಕೈ ಹಚ್ಚಿದೆ. ಮತ್ತೂ ಒಂದು. ಮೇಡಂ ಹಿಂದೆ ನಿಂತು ನೋಡಿದರು, ಏನೂ ಹೇಳದೆ ಹೋದರು. ಮಾರನೇ ದಿನ ಬಂದು ನೋಡಿದರೆ ಎಲೆಗಳ ನಡುವೆ ಆರು ಇಡ್ಲಿ ಕೂತಿವೆ! ಒಂದು ಎಸಳೂ ಇಲ್ಲ. ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳಿದೆ. ‘ಹೇಳಿದ್ದರೆ ನಂಬುತ್ತಿದ್ದೆಯಾ?’ ಅಂದರು. ನಂಬುತ್ತಿರಲಿಲ್ಲ ಬಿಡಿ. ಅವತ್ತು ಸಿಟ್ಟು ಬಂದಿತ್ತು ಮಾತ್ರ.

ಆದರೆ ಆ ಇಡ್ಲಿಗಳಿಂದಲೇ ನನ್ನ ಕಣ್ಣು ಬೇರೆಯಾಯಿತು. ಅದನ್ನೇ ನಿಮಗೆ ಹೇಳಬೇಕು ಅಂತಿದ್ದುದು. ಮೊದಲ ವಾರ ನದಿಯಾಚೆ ಕಾರ್ಮಿನೆ ಇಗರ್ಜಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಬ್ರಾಂಕಾಚಿ ಚಾಪೆಲ್ ಅಂತ ಒಂದು ಪುಟ್ಟ ಪ್ರಾರ್ಥನಾ ಕೋಣೆ ಇದೆ. 1420ರ ದಶಕದಲ್ಲಿ ಮಸಾಚ್ಚೊ ಅನ್ನುವ ಹುಡುಗ ಬರೆದ ಗೋಡೆ. ಹುಡುಗ ಅಂತಲೇ ಅನ್ನಬೇಕು, 1428ರಲ್ಲಿ ಸಾಯುವಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಬೈಬಲ್ಲಿನ ಆದಮ್ ಮತ್ತು ಈವ್, ದೇವರು ಓಡಿಸಿದ ಮೇಲೆ ತೋಟದಿಂದ ಹೊರಗೆ ಬರುತ್ತಿದ್ದಾರೆ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾನೆ, ಅವಳು ಬಾಯಿ ತೆರೆದು ಅಳುತ್ತಿದ್ದಾಳೆ. ಮೊದಲ ಸಲ ನಾನು ಫೋಟೊ ತೆಗೆದು ಈ ಗ್ರೂಪಿಗೇ ಹಾಕಿದ್ದೆ, ನೆನಪಿದೆಯಾ? ಅಜ್ಜಿ, ‘ಬಟ್ಟೆ ಇಲ್ಲದ್ದನ್ನೆಲ್ಲ ಕಳಿಸಬೇಡ’ ಅಂದರು. ಅಜ್ಜೀ, ನಿಮ್ಮ ಹಾಗೆಯೇ ಅನ್ನಿಸಿ ಅಲ್ಲಿಯೂ 1680ರ ಹೊತ್ತಿಗೆ ಎಲೆ ಬರೆಸಿ ಮುಚ್ಚಿಸಿದ್ದರು. 1980ರ ದಶಕದಲ್ಲಿ ಗೋಡೆ ಶುಚಿ ಮಾಡುವಾಗ ಅದನ್ನು ತೆಗೆದರು.

ಮೂರನೇ ವಾರ, ಇಡ್ಲಿ ಆದ ಮೇಲೆ, ನಾನೊಬ್ಬಳೇ ಟಿಕೆಟ್ ತೆಗೆದುಕೊಂಡು ಮತ್ತೆ ಹೋದೆ. ಈ ಸಲ ಕಥೆ ಕಾಣಲಿಲ್ಲ, ಕೆಲಸ ಕಂಡಿತು. ಗಾರೆಯ ಒಂದು ದಿನ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಹುಡುಕುತ್ತಾ ನಿಂತೆ. ಅಳುವ ಆ ಬಾಯಿಯನ್ನು ಗಾರೆ ಒಣಗುವುದರೊಳಗೆ ಬರೆದಿದ್ದಾನೆ. ಅಳಿಸುವ ಹಾಗಿಲ್ಲ, ನಾಳೆ ನೋಡೋಣ ಅನ್ನುವ ಹಾಗಿಲ್ಲ. ನನಗೆ ಆರು ಹೂವಿಗೆ ಬೆವರು ಬಂದಿತ್ತು. ಮಾವಾ, ಇದು ಫೋಟೊ ನೋಡಿ ಬರುವಂಥದ್ದಲ್ಲ. ಬರುತ್ತದೆ ಅನ್ನುವುದಾದರೆ ನನಗೆ ಮೊದಲ ವಾರವೇ ಬರಬೇಕಿತ್ತು, ಗೋಡೆಯ ಎದುರಿಗೇ ನಿಂತಿದ್ದೆನಲ್ಲ.

ಜೆಸ್ಸೊ ವಿಷಯ ಇನ್ನೂ ಮಜಾ. ಮೈಸೂರು ಶೈಲಿಯ ಚಿತ್ರದಲ್ಲಿ ಒಡವೆ, ಪ್ರಭಾವಳಿ ಎಲ್ಲ ಗಟ್ಟಿ ಲೇಪ ಹಚ್ಚಿ ಸ್ವಲ್ಪ ಉಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸುತ್ತೇವಲ್ಲ, ಅದನ್ನು ‘ಜೆಸ್ಸೊ ಕೆಲಸ’ ಅನ್ನುತ್ತೇವೆ. ಇಷ್ಟು ವರ್ಷ ಅದು ಯಾವ ಭಾಷೆ ಅಂತ ಯೋಚನೆಯನ್ನೇ ಮಾಡಿರಲಿಲ್ಲ. ಅಪ್ಪಟ ಇಟಾಲಿಯನ್! ಸೀಮೆಸುಣ್ಣಕ್ಕೂ ಅಲ್ಲಿ ಜೆಸ್ಸೊ ಅಂತಲೇ ಹೆಸರು. ಅಲ್ಲಿಯ ಹಳೆಯ ಹಲಗೆ ಚಿತ್ರಗಳಲ್ಲಿ ಜೆಸ್ಸೊ ಅನ್ನುವ ಬಿಳಿ ಲೇಪದ ಮೇಲೆ ಕೆಂಪು ಜೇಡಿ ಹಚ್ಚಿ, ಅದರ ಮೇಲೆ ರೇಕು ಕೂರಿಸಿ, ಅಗೇಟ್ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಾರೆ. ರೇಕು ಎತ್ತುವ ಚಪ್ಪಟೆ ಬ್ರಷ್ಷನ್ನು ಮೊದಲು ಕೆನ್ನೆಗೆ ಸವರಿಕೊಳ್ಳಬೇಕು, ಚರ್ಮದ ಜಿಡ್ಡಿಗೆ ರೇಕು ಅಂಟುತ್ತದೆ. ತರಗತಿಯಲ್ಲಿ ಎಲ್ಲರ ರೇಕೂ ಹಾರಿ ಹೋಗುತ್ತಿದ್ದರೆ ನಾನು ಎದ್ದು ಹೋಗಿ ಫ್ಯಾನ್ ಆರಿಸಿದೆ. ಮೈಸೂರಿನ ನಮ್ಮ ಮೇಷ್ಟ್ರು ಕಲಿಸಿದ ಮೊದಲ ಪಾಠ ಅದು. ನಾಲ್ಕು ವಾರದಲ್ಲಿ ನಾನು ಜಾಣೆ ಅನ್ನಿಸಿಕೊಂಡದ್ದು ಅವತ್ತೊಂದೇ ದಿನ.

ಮೈಕೆಲಾಂಜೆಲೊ ಕಡೆದ ಡೇವಿಡ್ ಶಿಲ್ಪ ನೋಡಿದೆ, 5 ಮೀಟರಿಗೂ ಎತ್ತರ, ಚೆನ್ನಾಗಿದೆ, ಸುತ್ತ ಮೊಬೈಲುಗಳೇ. ನನಗೆ ಇಷ್ಟವಾದದ್ದು ಸಿನ್ಯೋರಿಯಾ ಚೌಕದ ಲೋಜ್ಜಾ ಮಂಟಪ. ಟಿಕೆಟ್ ಇಲ್ಲ. ಅಲ್ಲಿ ಜಾಂಬೊಲೋನ್ಯಾ ಕಡೆದ ಮೂರು ಆಳಿನ ಶಿಲ್ಪವಿದೆ, 1583ರದು, ಒಂದೇ ಅಮೃತಶಿಲೆಯಲ್ಲಿ ಒಬ್ಬರ ಮೇಲೊಬ್ಬರು ತಿರುಚಿಕೊಂಡು ಮೇಲೇರುತ್ತಾರೆ. ಅದಕ್ಕೆ ಮುಂಭಾಗ ಅನ್ನುವುದೇ ಇಲ್ಲ. ಸೋಮನಾಥಪುರದಲ್ಲಿ ಸ್ಕೆಚ್ ಮಾಡಲು ಹೋದಾಗ ಗುಡಿಯ ಸುತ್ತ ನಡೆಯುತ್ತಾ ಬರೆಯುತ್ತೇವಲ್ಲ, ಇಲ್ಲಿ ಒಂದೇ ಕಲ್ಲಿಗೆ ಅಷ್ಟು ಪ್ರದಕ್ಷಿಣೆ ಹಾಕಬೇಕು. ಬೆಳಿಗ್ಗೆ ಏಳಕ್ಕೆ ಹೋಗಿ ಕೂರುತ್ತಿದ್ದೆ. ಹತ್ತರ ಮೇಲೆ ಜುಲೈ ಬಿಸಿಲು ರಾಯಚೂರನ್ನು ನೆನಪಿಸುತ್ತದೆ.

ಊಟ ಕೇಳಿದ್ದಿರಿ. ಸಸ್ಯಾಹಾರಕ್ಕೆ ತೊಂದರೆಯಿಲ್ಲ, ಕೇಳಿ ತಿನ್ನಬೇಕು ಅಷ್ಟೇ. ಅವರ ಪಾರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ, ಪುಟ್ಟಿಗೆ ಅದು ಮೊದಲೇ ಗೊತ್ತಿರಲಿ. ಆ ಕಡೆಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ! ಮೊದಲ ದಿನ ಮರೆತಿದ್ದಾರೆ ಅಂದುಕೊಂಡೆ. ಅಮ್ಮ ಕೊಟ್ಟ ಮಾವಿನಕಾಯಿ ಉಪ್ಪಿನಕಾಯಿ ಸವರಿಕೊಂಡು ತಿಂದೆ. ಒಣಗಿದ ಬ್ರೆಡ್ಡನ್ನು ಟೊಮೇಟೊ, ಬೆಳ್ಳುಳ್ಳಿ ಹಾಕಿ ಬೇಯಿಸಿ ‘ಪಪ್ಪಾ ಅಲ್ ಪೊಮೊದೋರೊ’ ಮಾಡುತ್ತಾರೆ. ರಾತ್ರಿ ಮಿಕ್ಕ ಅನ್ನಕ್ಕೆ ನಾವು ಚಿತ್ರಾನ್ನ ಮಾಡಿದ ಹಾಗೆ. ಅದನ್ನು ಎಷ್ಟು ಸಲ ತಿಂದೆನೋ ಲೆಕ್ಕವಿಲ್ಲ. ಇನ್ನೊಂದು, ಇಗರ್ಜಿಗಳಿಗೆ ಭುಜ, ಮೊಣಕಾಲು ಮುಚ್ಚಿಕೊಂಡು ಹೋಗಬೇಕು. ಎರಡು ಹತ್ತಿಯ ವೇಲ್ ಕೊಟ್ಟು ಕಳಿಸಿ.

ಈಗ ಕಹಿಯದು. ವಸತಿ ‘ಶಾಲೆಗೆ ಹತ್ತಿರ’ ಅಂತ ಕೋರ್ಸಿನವರು ಬರೆದಿದ್ದರು. ಹೋಗಿ ನೋಡಿದರೆ ಬಸ್ಸಿನಲ್ಲಿ ಐವತ್ತು ನಿಮಿಷ. ಪುಟ್ಟಿಗೆ ಹೇಳಿ, ಪೂರ್ತಿ ವಿಳಾಸ ಕೈಗೆ ಬರುವ ತನಕ ಮುಂಗಡ ಕಟ್ಟಬೇಡಿ. ಬಣ್ಣ, ಕಾಗದ, ಮ್ಯೂಸಿಯಂ ಟಿಕೆಟ್ಟು ಫೀಸಿನಲ್ಲಿ ಸೇರಿದೆಯೋ ಇಲ್ಲವೋ ಅದನ್ನೂ ಕೇಳಿ. ನನಗೆ ಸೇರಿರಲಿಲ್ಲ. ಸರ್ಕಾರಿ ಮ್ಯೂಸಿಯಂಗಳು ತಿಂಗಳ ಮೊದಲ ಭಾನುವಾರ ಉಚಿತ, ಉಫೀತ್ಸಿ ಅನ್ನುವ ದೊಡ್ಡ ಚಿತ್ರಶಾಲೆಗೆ ಸೋಮವಾರ ರಜ. ಈ ಕೋರ್ಸು ನನ್ನ ಡಿಗ್ರಿಯ ಲೆಕ್ಕಕ್ಕೆ ಸೇರುತ್ತದೆ, ಕ್ರೆಡಿಟ್ ಸಿಗುತ್ತದೆ ಅಂತ ನಂಬಿಕೊಂಡು ಹೋದೆ, ಇಲ್ಲಿಯ ಕಾಲೇಜು ಒಪ್ಪಲಿಲ್ಲ. ಹೋಗುವ ಮೊದಲೇ ಬರೆಸಿಕೊಳ್ಳಬೇಕಿತ್ತು, ನನ್ನ ತಪ್ಪೂ ಇದೆ.

ವೀಸಾಕ್ಕೆ 6 ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. 90 ದಿನದೊಳಗಿನ ಕೋರ್ಸಾದರೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ, ಸಾಕು. ಶುಲ್ಕ 90 ಯೂರೊ, ಸೆಂಟರಿನವರ ಚಾರ್ಜು ಬೇರೆ. 30,000 ಯೂರೊಗೆ ಕಡಿಮೆ ಇಲ್ಲದ ವಿಮೆ ಇರಬೇಕು. ಚಿಕ್ಕಪ್ಪನ ಬ್ಯಾಂಕ್ ಸ್ಟೇಟ್‌ಮೆಂಟು ಕೇಳುತ್ತಾರೆ, ಈಗಲೇ ಹೇಳಿಡಿ.

ಅಷ್ಟು ಖರ್ಚು ಮಾಡಬೇಕಾ ಅಂದರೆ, ಪುಟ್ಟಿಗೆ ಇಟಲಿ ಬೇಕೋ, ಕೆಲಸ ಬೇಕೋ ಅಂತ ಮೊದಲು ನೋಡೋಣ ಚಿಕ್ಕಮ್ಮಾ. ನಮ್ಮ ಮನೆ ಹಿಂದೆ ಒಂದು ಡ್ರಮ್ಮಿನಲ್ಲಿ ಸುಣ್ಣ ಅರಳಿಸಿ ಇಟ್ಟಿದ್ದೇನೆ, ಐದು ತಿಂಗಳಾಯಿತು. ಜಾಗ ಹಾಳು ಅಂತ ಅಮ್ಮ ದಿನಾ ಬೈಯುತ್ತಾರೆ. ನಾಲ್ಕು ಹೆಂಚೂ ಇವೆ. ಈ ಭಾನುವಾರ ಅವಳನ್ನು ಕಳಿಸಿ, ಹಳೇ ಬಟ್ಟೆ ಹಾಕಿಕೊಂಡು ಬರಲಿ. ಸುಣ್ಣ ಕೈ ಸುಡುತ್ತದೆ, ಗ್ಲೌಸ್ ನಾನು ಕೊಡುತ್ತೇನೆ. ಬಿಳಿ ಹೂವು ಬರೆಯಲಿಕ್ಕೆ ಹೇಳುತ್ತೇನೆ. ಇಡ್ಲಿ ವಿಷಯ ಮಾತ್ರ ಅವಳಿಗೆ ಹೇಳಬೇಡಿ, ಈ ಮೆಸೇಜನ್ನು ಅವಳು ಕೇಳದ ಹಾಗೆ ನೋಡಿಕೊಳ್ಳಿ. ಅಯ್ಯೋ, ಅವಳೂ ಗ್ರೂಪಿನಲ್ಲಿ ಇದ್ದಾಳಲ್ಲ!