ಬಾಗಳಿ ಗುಡಿಯ ಮಿಥುನ ಶಿಲ್ಪ: ಮನೆಯವರು ಕೇಳಿದರೆ ಏನು ಹೇಳೋದು?

ಬೆಣ್ಣೆದೋಸೆ, ದಾವಣಗೆರೆ
ಭಾನುವಾರ ಅತ್ತೆ, ಮಾವ, ಹತ್ತನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಹರಪನಹಳ್ಳಿ ಹತ್ತಿರದ ಬಾಗಳಿಗೆ ಹೋಗಬೇಕು ಅಂತಿದ್ದೇನೆ. ಕಲ್ಲೇಶ್ವರನ ಗುಡಿ ಹೊರಗಡೆ ಗಂಡು ಹೆಣ್ಣು ಕೂಡಿರುವ ಶಿಲ್ಪಗಳಿವೆ, ಮುಚ್ಚುಮರೆ ಏನೂ ಇಲ್ಲ. ಶಿವನ ಗುಡಿಗೆ ಇವು ಯಾಕೆ? ಸುಮ್ನೆ "ಭಕ್ತರ ಮನಸ್ಸು ಪರೀಕ್ಷೆ ಮಾಡೋಕೆ" ಅಂದುಬಿಡಲಾ?

ಕೋಟೆ ಹುಡುಗ, ಚಿತ್ರದುರ್ಗ
ಆ ಪರೀಕ್ಷೆ ಕತೆ ಬಿಡಿ ಅಕ್ಕಾ. ನಾಚಿಕೆ ಶುರುವಾದ ಮೇಲೆ ಯಾರೋ ಹೊಸೆದ ಸಮಜಾಯಿಷಿ ಅದು ಅಂತ ನನಗನ್ನಿಸುತ್ತದೆ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಗುಡಿಯ ಬಾಗಿಲವಾಡಕ್ಕೆ ಏನೇನು ಕೆತ್ತಬೇಕು ಅಂತ ಹೇಳುತ್ತಾನೆ: ಶುಭದ ಹಕ್ಕಿ, ಸ್ವಸ್ತಿಕ, ಕುಂಭ, ಬಳ್ಳಿ, ಅದೇ ಸಾಲಿನಲ್ಲಿ ಮಿಥುನ. ಅಂದರೆ ಜೋಡಿ ಅನ್ನೋದು ಮಂಗಳದ ಗುರುತು, ತುಂಬಿದ ಕೊಡ ಇದ್ದ ಹಾಗೆ. ಧರ್ಮ, ಅರ್ಥ, ಮೋಕ್ಷದ ಜೊತೆ ಕಾಮವನ್ನೂ ಪುರುಷಾರ್ಥ ಅಂತ ಎಣಿಸಿದವರಿಗೆ ಅದನ್ನು ಗುಡಿಯಿಂದ ಆಚೆ ಇಡುವ ದರ್ದು ಏನಿತ್ತು?

ಕಲ್ಲುಕುಟಿಗ
ಅದು ಸರಿ, ಆದರೆ ಕೈ ಹಿಡಿದು ನಿಂತ ಜೋಡಿ ಬೇರೆ, ಸಂಭೋಗ ಬೇರೆ ಅಲ್ವಾ? ಒಂದೇ ಕಾರಣ ಹೇಳಿದರೆ ಸಾಲದು. ಖಜುರಾಹೊದಲ್ಲಿ ಕಂದರಿಯಾ ಮಹಾದೇವ ಗುಡಿಯ ತೀರಾ ಬಿಚ್ಚು ಶಿಲ್ಪಗಳು ಎಲ್ಲಿವೆ ಅಂತ ನೋಡಿ: ಮಂಟಪವೂ ಗರ್ಭಗುಡಿಯೂ ಕೂಡುವ ಗೋಡೆಯ ಮೇಲೆ, ಒಂದರ ಮೇಲೊಂದು ಸಾಲಾಗಿ. ಕಂಡ ಕಂಡಲ್ಲಿ ಕೆತ್ತಿದ್ದಲ್ಲ, ಜಾಗ ಆರಿಸಿ ಕೆತ್ತಿದ್ದು. ಒಡಿಶಾದ ಶಿಲ್ಪಪ್ರಕಾಶ ಅನ್ನೋ ಗ್ರಂಥವಂತೂ ಕಾಮದ ಶಿಲ್ಪ ಇಲ್ಲದ ಗುಡಿಯೇ ಬೇಡ ಅನ್ನುತ್ತದೆ. ಕೆಲವರು ಎಲ್ಲವನ್ನೂ ತಂತ್ರದ ತಲೆಗೆ ಕಟ್ಟುತ್ತಾರೆ. ತಾಂತ್ರಿಕರು ಗುಟ್ಟಾಗಿ ಮಾಡುವ ಸಾಧನೆಯನ್ನು ರಾಜರು ಕಟ್ಟಿಸಿದ ಗುಡಿಯ ಹೊರಗೋಡೆಗೆ, ಊರಿಗೆಲ್ಲ ಕಾಣುವ ಹಾಗೆ ಯಾಕೆ ಹಾಕುತ್ತಾರೆ, ಅದು ನನಗೆ ಬಗೆಹರಿದಿಲ್ಲ. ಇನ್ನು ಬೇಲೂರಿನ ಮದನಿಕೆಯರಲ್ಲಿ ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ಅಲ್ಲಿ ತತ್ವ ಹುಡುಕಬೇಡಿ, ಶಿಲ್ಪಿಯ ತುಂಟತನ ಅಷ್ಟೆ.

ಹರಿಹರದ ಹೊಳೆ
ನಿಮ್ಮ ಅತ್ತೆ ಏನೂ ಕೇಳೋದಿಲ್ಲ, ಬೇಕಾದರೆ ಬೆಟ್ ಕಟ್ಟಿ. ನಮ್ಮ ಕಡೆ ಹೆಂಗಸರು ಅದನ್ನೆಲ್ಲ ನೋಡಿ, ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕು, ಒಳಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತಾರೆ. ತಬ್ಬಿಬ್ಬಾಗೋದು ನಮ್ಮಂಥವರೇ. ಮಗಳು ಕೇಳಿದರೆ ಮೇಲೆ ಕೋಟೆ ಹುಡುಗ ಬರೆದಿದ್ದನ್ನೇ ಹೇಳಿ, ಆ ವಯಸ್ಸಿಗೆ ಅರ್ಥ ಆಗುತ್ತದೆ. ಸಭಾಮಂಟಪದ ಕಂಬಗಳನ್ನು ಮಾತ್ರ ಬಿಡಬೇಡಿ, ಸುಮಾರು 50 ಇವೆ, ಕಡೆದ ಕೆಲಸ ನೋಡುವಂಥದ್ದು. ಬಾಗಳಿ ಮೊದಲು ನಮ್ಮ ಜಿಲ್ಲೆಯಲ್ಲೇ ಇತ್ತು, ಈಗ ವಿಜಯನಗರಕ್ಕೆ ಹೋಯಿತು, ಅದೊಂದು ಹೊಟ್ಟೆಉರಿ ಬೇರೆ. ಬೆಳಗ್ಗೆಯೇ ಹೊರಡಿ, ಮಧ್ಯಾಹ್ನದ ಬಿಸಿಲಿಗೆ ಹಾಸುಗಲ್ಲು ಕಾದರೆ ಬರಿಗಾಲಲ್ಲಿ ಸುತ್ತು ಹಾಕೋಕೆ ಆಗಲ್ಲ.