ಬಾಡಿಗೆ ಕಾರು ಕಂಪನಿಯ ವರದಿ: ಯಾವ ಪುಟ ನಿಧಾನಕ್ಕೆ ಓದಬೇಕು?

ಪ್ರಶ್ನೆ: ಅಮೆರಿಕದ ಬಾಡಿಗೆ ಕಾರು ಕಂಪನಿಯೊಂದರ ಷೇರು ಕೊಳ್ಳುವ ಯೋಚನೆ ಇದೆ. ಅವರ 10-ಕೆ ವಾರ್ಷಿಕ ವರದಿ ತೆರೆದರೆ ರಿಸ್ಕ್, ಆಸ್ತಿ, ಕೋರ್ಟ್ ಕೇಸು ಅಂತ ಪುಟಗಟ್ಟಲೆ ಇದೆ, ಎಲ್ಲ ವಕೀಲರ ಭಾಷೆ. ಇಂಥದ್ದನ್ನು ಓದಿ ಅಭ್ಯಾಸ ಇರುವವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಉತ್ತರ 1: ನಾನು ಮೊದಲ ಸಲ ಮಾಡಿದ ತಪ್ಪು ಹೇಳಿಬಿಡುತ್ತೇನೆ. ಆಸ್ತಿ ಅನ್ನುವ ಭಾಗ ನೋಡಿ ಕಂಪನಿ ಎಷ್ಟು ಗಟ್ಟಿ ಅಂತ ಅಳೆಯಲು ಹೋಗಿದ್ದೆ. ಅಲ್ಲಿ ಸಿಗುವುದು ಮುಖ್ಯ ಕಚೇರಿಯ ವಿಳಾಸ (ಬಾಡಿಗೆ ಕಾರು ಕಂಪನಿಗಳಲ್ಲಿ ಹರ್ಟ್ಜ್ ಆದರೆ ಫ್ಲಾರಿಡಾದ ಎಸ್ಟೆರೊ, ಏವಿಸ್ ಬಜೆಟ್ ಆದರೆ ನ್ಯೂಜೆರ್ಸಿಯ ಪಾರ್ಸಿಪನಿ), ಜೊತೆಗೆ ಒಂದಷ್ಟು ಕಟ್ಟಡ. ಕಾರು ಕೊಡುವ ಜಾಗಗಳು ಬಹುಪಾಲು ಲೀಸಿನವು. ನಿಜವಾದ ಆಸ್ತಿ ಕಾರುಗಳೇ, ಆ ಕಾರುಗಳ ಮೇಲೆ ಸಾಲ ಇದೆ. ಇದೊಂದು ತಲೆಯಲ್ಲಿದ್ದರೆ ರಿಸ್ಕ್ ಭಾಗ ಅರ್ಧ ಸುಲಭವಾಗುತ್ತದೆ.

ಯಾಕೆ ಅಂದರೆ ಈ ವ್ಯಾಪಾರ ಬಾಡಿಗೆಯ ಮೇಲಷ್ಟೇ ನಿಂತಿಲ್ಲ, ಹಳೇ ಕಾರು ಮಾರಿದಾಗ ಎಷ್ಟು ಬಂತು ಅನ್ನುವುದರ ಮೇಲೂ ನಿಂತಿದೆ. ಕೆಲವು ಕಾರುಗಳನ್ನು ಇಂಥ ಬೆಲೆಗೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ತಯಾರಕರು ಮೊದಲೇ ಒಪ್ಪಿರುತ್ತಾರೆ, ಅವಕ್ಕೆ ಪ್ರೋಗ್ರಾಂ ಕಾರು ಅನ್ನುತ್ತಾರೆ. ಉಳಿದವು ರಿಸ್ಕ್ ಕಾರು, ಬೆಲೆ ಬಿದ್ದರೆ ನಷ್ಟ ಪೂರ್ತಿ ಕಂಪನಿಯದೇ. ಇವೆರಡರ ಪಾಲು ಎಷ್ಟೆಷ್ಟು, ಒಂದು ಕಾರಿಗೆ ತಿಂಗಳಿಗೆ ಸವಕಳಿ (ಕಾರು ಹಳೆಯದಾದಂತೆ ಬೆಲೆ ಇಳಿಯುವುದಕ್ಕೆ ಹಾಕುವ ಖರ್ಚು) ಎಷ್ಟು, ಈ ಎರಡು ಅಂಕಿ ಹುಡುಕಿ ಬರೆದಿಟ್ಟುಕೊಳ್ಳಿ.

ಕೋವಿಡ್ ಬಂದ 2020ರ ಏಪ್ರಿಲ್ ನೆನಪಿದೆ ಅಲ್ವಾ? ವಿಮಾನ ನಿಂತವು, ಬಾಡಿಗೆ ನಿಂತಿತು, ಅದೇ ಹೊತ್ತಿಗೆ ಹಳೇ ಕಾರಿನ ಬೆಲೆಯೂ ಬಿತ್ತು. ಕಾರು ಒತ್ತೆ ಇಟ್ಟ ಸಾಲದಲ್ಲಿ ಕಾರಿನ ಬೆಲೆ ಇಳಿದರೆ ಕಂಪನಿ ಕೈಯಿಂದ ಹಣ ತುಂಬಬೇಕು. ಸುಮಾರು 1,900 ಕೋಟಿ ಡಾಲರ್ ಸಾಲ ಹೊತ್ತಿದ್ದ ಹರ್ಟ್ಜ್ ಮೇ 22ರಂದು ದಿವಾಳಿ ಅರ್ಜಿ ಹಾಕಿತು. ಮುಂದಿನ ವರ್ಷ ಹೊಸ ಕಾರು ಸಿಗದೆ ಹಳೇ ಕಾರಿನ ಬೆಲೆ ಏರಿತು, 2021ರ ಜೂನ್ 30ಕ್ಕೆ ಕಂಪನಿ ದಿವಾಳಿಯಿಂದ ಹೊರಬಂತು, ಷೇರುದಾರರಿಗೂ ಒಂದಷ್ಟು ಸಿಕ್ಕಿತು. ದಿವಾಳಿ ಕೇಸಿನಲ್ಲಿ ಇದು ತೀರಾ ಅಪರೂಪ, ಇನ್ನೊಮ್ಮೆ ಹಾಗೇ ಆಗುತ್ತದೆ ಅಂತ ನಂಬಿ ಕೊಳ್ಳಬೇಡಿ. ಆಮೇಲೆ ಅದೇ ವರ್ಷ 1 ಲಕ್ಷ ಟೆಸ್ಲಾ ವಿದ್ಯುತ್ ಕಾರು ತರಿಸುತ್ತೇವೆ ಅಂದರು. ಟೆಸ್ಲಾ ಹೊಸ ಕಾರಿನ ಬೆಲೆ ಇಳಿಸಿದಾಗ ಇವರ ಹಳೇ ಕಾರಿನ ಬೆಲೆಯೂ ಇಳಿಯಿತು, ರಿಪೇರಿ ಖರ್ಚು ಬೇರೆ ಜಾಸ್ತಿ. 2024ರ ಜನವರಿಯಲ್ಲಿ ಸುಮಾರು 20,000 ವಿದ್ಯುತ್ ಕಾರು ಮಾರುವುದಾಗಿ ಹೇಳಿ 24.5 ಕೋಟಿ ಡಾಲರ್ ಹೆಚ್ಚುವರಿ ಸವಕಳಿ ತೋರಿಸಿದರು. ಎರಡೂ ಸಲ ಪೆಟ್ಟು ಬಿದ್ದದ್ದು ಹಳೇ ಕಾರಿನ ಬೆಲೆಯ ಕಡೆಯಿಂದ.

ಕೋರ್ಟ್ ಕೇಸುಗಳನ್ನು ಮೊತ್ತ ನೋಡಿ ಪಕ್ಕಕ್ಕಿಡಬೇಡಿ. 2022ರ ಡಿಸೆಂಬರ್‌ನಲ್ಲಿ ಹರ್ಟ್ಜ್ 364 ದೂರುಗಳಿಗೆ ಸುಮಾರು 16.8 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕಾರು ಕಳವಾಗಿದೆ ಅಂತ ಕಂಪನಿ ಕೊಟ್ಟ ದೂರಿನಿಂದ ತಪ್ಪಾಗಿ ಬಂಧನವಾಯಿತು ಅಂದವರ ಕೇಸುಗಳು ಅವು. ಜನ ಜೈಲಿನಲ್ಲಿ ರಾತ್ರಿ ಕಳೆದಿದ್ದಾರೆ. ಯಾವ ಕಾರು ಯಾರ ಹತ್ತಿರ ಇದೆ ಅನ್ನುವ ಲೆಕ್ಕವೇ ಕಂಪನಿಯಲ್ಲಿ ಸರಿ ಇಲ್ಲದಿದ್ದರೆ ಬೇರೆ ಲೆಕ್ಕ ಹೇಗಿರಬಹುದು ಅಂತ ನಾನು ಕೇಳಿಕೊಳ್ಳುತ್ತೇನೆ. ಇನ್ನೊಂದು, ಕೇಸುಗಳಿಗೆ ಆಯಸ್ಸು ಜಾಸ್ತಿ. ದಿವಾಳಿಯಿಂದ ಹೊರಬಂದ ಮೂರು ವರ್ಷದ ಮೇಲೆ, 2024ರಲ್ಲಿ, ಹಳೇ ಬಾಂಡ್‌ದಾರರಿಗೆ (ಬಾಂಡ್ ಕೊಂಡು ಕಂಪನಿಗೆ ಸಾಲ ಕೊಟ್ಟವರಿಗೆ) 27 ಕೋಟಿ ಡಾಲರ್ ಸುಮಾರಿನ ಬಾಕಿ ಕೊಡಬೇಕು ಅಂತ ಮೇಲ್ಮನವಿ ಕೋರ್ಟ್ ಹೇಳಿತು.

ಉತ್ತರ 2: ಮೇಲೆ ಬರೆದವರು ಆಸ್ತಿ ಭಾಗವನ್ನು ಬೇಗ ದಾಟಿಬಿಟ್ಟರು. ನಾನು ಇಂಥ ಒಂದು ಕಂಪನಿಯಲ್ಲಿ ಏರ್‌ಪೋರ್ಟ್ ಕೌಂಟರ್‌ಗಳ ಲೆಕ್ಕ ಬರೆಯುತ್ತಿದ್ದೆ, ಹೆಸರು ಬೇಡ. ಲೀಸು ಅಂದರೆ ಹಗುರ ಅಂದುಕೊಳ್ಳಬೇಡಿ. ಏರ್‌ಪೋರ್ಟ್‌ಗೆ ವರಮಾನದಲ್ಲಿ ಪಾಲು ಕೊಡಬೇಕು, ಸಾಮಾನ್ಯವಾಗಿ ಶೇ. 10ರ ಆಸುಪಾಸು, ಅದರ ಮೇಲೆ ವರ್ಷಕ್ಕೆ ಕನಿಷ್ಠ ಇಷ್ಟು ಅಂತ ಖಾತ್ರಿ ಬೇರೆ. ಗಿರಾಕಿ ಬರಲಿ ಬಿಡಲಿ, ಆ ಕನಿಷ್ಠ ಮೊತ್ತ ಕಟ್ಟಬೇಕು. ವರಮಾನದಲ್ಲಿ ಏರ್‌ಪೋರ್ಟ್‌ನ ಪಾಲು ಎಷ್ಟು ಅಂತ ನೋಡಿ. ಊರೊಳಗಿನ ಅಂಗಡಿಗಳು ಜಾಸ್ತಿ ಇದ್ದರೆ, ಕಾರು ರಿಪೇರಿಗೆ ಬಿಟ್ಟವರು ಇನ್ಶೂರೆನ್ಸ್ ದುಡ್ಡಿನಲ್ಲಿ ಬಾಡಿಗೆ ಪಡೆಯುತ್ತಾರೆ, ಆ ವ್ಯಾಪಾರ ಪ್ರವಾಸ ನಿಂತರೂ ಪೂರ್ತಿ ನಿಲ್ಲುವುದಿಲ್ಲ.

ಕಾನೂನಿನ ಬಗ್ಗೆ ಎರಡು ಮಾತು. ಗಿರಾಕಿ ಅಪಘಾತ ಮಾಡಿದರೆ ಕಾರಿನ ಮಾಲೀಕ ಅನ್ನುವ ಒಂದೇ ಕಾರಣಕ್ಕೆ ಕಂಪನಿಯನ್ನು ಹೊಣೆ ಮಾಡುವುದನ್ನು ಅಮೆರಿಕದ ಗ್ರೇವ್ಸ್ ತಿದ್ದುಪಡಿ ಅನ್ನುವ 2005ರ ಕಾನೂನು ತಡೆದಿದೆ. ಆದರೆ ಕಂಪನಿಯದೇ ನಿರ್ಲಕ್ಷ್ಯ ಇದ್ದರೆ ಆ ರಕ್ಷಣೆ ಇಲ್ಲ. 2016ರ ಜೂನ್‌ನಿಂದ 35 ಅಥವಾ ಅದಕ್ಕಿಂತ ಹೆಚ್ಚು ಬಾಡಿಗೆ ಕಾರು ಇರುವವರು ರೀಕಾಲ್ ಆದ (ದೋಷ ಇದೆ ಅಂತ ರಿಪೇರಿಗೆ ವಾಪಸ್ ಕರೆದ) ಕಾರನ್ನು ಸರಿಪಡಿಸದೆ ಬಾಡಿಗೆಗೆ ಕೊಡುವಂತಿಲ್ಲ. 2004ರಲ್ಲಿ ರೀಕಾಲ್ ಆಗಿದ್ದ ಬಾಡಿಗೆ ಕಾರಿನಲ್ಲಿ ಇಬ್ಬರು ಅಕ್ಕತಂಗಿಯರು ಸತ್ತರು, ಅವರ ತಾಯಿ ವರ್ಷಗಟ್ಟಲೆ ಹೋರಾಡಿದ ಮೇಲೆ ಬಂದ ಕಾನೂನು ಅದು.

ಉತ್ತರ 3: ನಾನು ಬರೀ ಗಿರಾಕಿ, ಷೇರಿನ ವಿಷಯ ಗೊತ್ತಿಲ್ಲ. ಒಂದು ಸಣ್ಣ ಟೋಲ್‌ಗೆ ಟೋಲಿಗಿಂತ ಜಾಸ್ತಿ ಸೇವಾ ಶುಲ್ಕವನ್ನು ಬಾಡಿಗೆ ಕಾರು ಕಂಪನಿಗೆ ಕಟ್ಟಿದ್ದೇನೆ. ಆ ಥರದ ಶುಲ್ಕದ ಮೇಲೆ ಗಿರಾಕಿಗಳು ಗುಂಪಾಗಿ ದಾವೆ ಹಾಕುತ್ತಾರೆ. ವರದಿಯಲ್ಲಿ ಅಂಥ ಕೇಸು ಇದೆಯಾ ನೋಡಿ.

ಕೇಳಿದವರಿಂದ: ಎಲ್ಲರಿಗೂ ತುಂಬಾ ಧನ್ಯವಾದ. ನಾನು ನೋಡುತ್ತಿರುವ ಕಂಪನಿಯಲ್ಲಿ ಬಹುತೇಕ ರಿಸ್ಕ್ ಕಾರುಗಳೇ ಇವೆ, ಈಗ ಗೊತ್ತಾಯಿತು. ಸದ್ಯಕ್ಕೆ ಕೊಳ್ಳುವುದಿಲ್ಲ. ಹಿಂದಿನ ಮೂರು ವರ್ಷದ ವರದಿ ಇಳಿಸಿಕೊಂಡು ಸವಕಳಿ ಅಂಕಿ ಜೋಡಿಸುತ್ತಿದ್ದೇನೆ.